ಹೆಣ್ಣುಡುಗೆ ತೊಡುವ ಗಂಡಸರು: ಯಾರ ಲೆಕ್ಕಕ್ಕೂ ಸಿಗದವರು

ಲೈಂಗಿಕ ಅಲ್ಪಸಂಖ್ಯಾತರ ಸಮುದಾಯವನ್ನು ಸೂಚಿಸುವ ಎಲ್‌ಜಿಬಿಟಿ ಎಂಬ ನಾಲ್ಕಕ್ಷರಗಳು ಈಗ ಕನ್ನಡ ಓದುಗರಿಗೆ ಅಪರಿಚಿತವೇನಲ್ಲ. ಎಲ್ ಎಂದರೆ ಲೆಸ್ಬಿಯನ್, ಜಿ ಎಂದರೆ ಗೇ, ಬಿ ಎಂದರೆ ದ್ವಿಲಿಂಗಾಸಕ್ತರು, ಟಿ ಎಂದರೆ ಟ್ರಾನ್ಸ್‌ಜೆಂಡರ್ ಅಥವಾ ಲಿಂಗತ್ವ ಅಲ್ಪಸಂಖ್ಯಾತರು. ಈ ನಾಲ್ಕರಲ್ಲಿ ತಮ್ಮ ಅಕ್ಷರ ಯಾವುದೆಂದು ಖಚಿತವಾಗಿ ಹೇಳಲಾರದ ಒಂದು ವರ್ಗ ಎಲ್ಲ ಊರುಗಳಲ್ಲೂ ಇದೆ. ಹಗಲು ಪ್ಯಾಂಟು-ಶರ್ಟು ತೊಟ್ಟು ಕಚೇರಿಗೋ ಅಂಗಡಿಗೋ ಹೋಗಿಬಂದು, ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸುತ್ತ, ಮನೆಯಲ್ಲಿ ಯಾರೂ ಇಲ್ಲದ ಕೆಲವೇ ಗಂಟೆ ಬಾಗಿಲು ಹಾಕಿಕೊಂಡು ಸೀರೆಯುಟ್ಟು ಕನ್ನಡಿಯ ಮುಂದೆ ನಿಲ್ಲುವ ಗಂಡಸರು ಅವರು. ಇಂಗ್ಲಿಷಿನಲ್ಲಿ ಇವರನ್ನು ಕ್ರಾಸ್‌ಡ್ರೆಸರ್ ಎನ್ನುತ್ತಾರೆ.

ಇವರು ಎಷ್ಟು ಮಂದಿ ಇದ್ದಾರೆಂದು ಎಣಿಸುವುದು ಸಾಧ್ಯವಿಲ್ಲ. ಎಣಿಕೆಗೆ ಸಿಗದಂತೆ ಇರುವುದೇ ಇವರ ಬದುಕಿನ ಮೊದಲ ನಿಯಮ.

ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಲಿಂಗತ್ವ, ಲೈಂಗಿಕ ಆಸಕ್ತಿ, ಉಡುಗೆ ಇವು ಮೂರು ಬೇರೆ ಬೇರೆ ಸಂಗತಿಗಳು. ಗಂಡಾಗಿ ಹುಟ್ಟಿದ್ದರೂ ತಾನು ಹೆಣ್ಣೆಂದು ಒಳಗಿನಿಂದ ಅರಿತು ಹಾಗೆಯೇ ಬಾಳುವವರು ಟ್ರಾನ್ಸ್ ಮಹಿಳೆಯರು. ಗಂಡಸನ್ನು ಪ್ರೀತಿಸುವ ಗಂಡಸು ಸಲಿಂಗಿ. ಆತನಿಗೆ ಸೀರೆಯ ಹಂಬಲ ಇರಲೇಬೇಕೆಂದೇನೂ ಇಲ್ಲ. ಕ್ರಾಸ್‌ಡ್ರೆಸರ್‌ಗಳಲ್ಲಿ ಹೆಚ್ಚಿನವರು ತಮ್ಮನ್ನು ಗಂಡಸರೆಂದೇ ತಿಳಿದಿರುತ್ತಾರೆ, ಹೆಣ್ಣನ್ನೇ ಬಯಸುತ್ತಾರೆ. ಆದರೂ ಹೆಣ್ಣುಡುಗೆಯಲ್ಲಿ ಅವರಿಗೊಂದು ನೆಮ್ಮದಿ ಇದೆ. ಕೆಲವರಿಗೆ ಅದು ಹರೆಯದ ಕುತೂಹಲದಿಂದ ಆರಂಭವಾದ ಸುಖ, ಕೆಲವರಿಗೆ ಗಂಡಸುತನದ ಭಾರ ಇಳಿಸುವ ವಿರಾಮ. ಇನ್ನು ಕೆಲವರಿಗೆ ಅದು ಹತ್ತಿಪ್ಪತ್ತು ವರ್ಷಗಳ ನಂತರ ತಾನು ನಿಜಕ್ಕೂ ಹೆಣ್ಣೇ ಎಂದು ಕಂಡುಕೊಳ್ಳುವ ದಾರಿಯ ಮೊದಲ ಮೆಟ್ಟಿಲು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಬಗೆ ಕಾಣುತ್ತದೆ. ತೊಟ್ಟವರಿಗೂ ಎಷ್ಟೋ ಸಲ ಯಾವುದು ತನ್ನದೆಂದು ತಿಳಿದಿರುವುದಿಲ್ಲ.

ಮರ್ಯಾದೆಯ ಪದ ಇಲ್ಲ

ಕನ್ನಡದಲ್ಲಿ ಇವರಿಗೊಂದು ಗೌರವದ ಹೆಸರಿಲ್ಲ. ‘ವೇಷಧಾರಿ’ ಎಂದರೆ ಮೋಸಗಾರನೆಂಬ ಅರ್ಥ ಮೊದಲು ಹೊಳೆಯುತ್ತದೆ. ‘ಹೆಣ್ಣಿಗ’ ಎಂಬುದು ಬೈಗುಳ. ‘ಮಂಗಳಮುಖಿ’ ಎಂಬುದು ಬೇರೊಂದು ಸಮುದಾಯದ ಹೆಸರು, ಅದನ್ನು ಇವರಿಗೆ ಹಚ್ಚುವಂತಿಲ್ಲ. ಹಾಗಾಗಿ ಈ ಬರಹದಲ್ಲಿಯೂ ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳಬೇಕಾಗಿದೆ.

ವಿಪರ್ಯಾಸವೆಂದರೆ, ಗಂಡಸು ಹೆಣ್ಣುಡುಗೆ ತೊಡುವುದು ಈ ನಾಡಿಗೆ ಹೊಸತಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ದೊಡ್ಡ ಪರಂಪರೆಯಿದೆ. ಕೋಳ್ಯೂರು ರಾಮಚಂದ್ರರಾಯರಂತಹ ಕಲಾವಿದರು ಅದರಿಂದಲೇ ಮನೆಮಾತಾದರು. ವೃತ್ತಿ ನಾಟಕ ಕಂಪನಿಗಳಲ್ಲಿ ಹೆಣ್ಣುಮಕ್ಕಳು ರಂಗಕ್ಕೆ ಬರುವ ಮುನ್ನ ನಾಯಕಿಯ ಪಾತ್ರಗಳು ಗಂಡಸರ ಪಾಲಿನವೇ ಆಗಿದ್ದವು. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಪೌರ್ಣಮಿಯ ರಾತ್ರಿ ಹೊರಡುವ ಕರಗವನ್ನು ಹೊರುವವರು ಸೀರೆ, ಬಳೆ, ಮಲ್ಲಿಗೆ ಮುಡಿದ ಪುರುಷ. ದ್ರೌಪದಿಯ ಶಕ್ತಿಯನ್ನು ತಲೆಯ ಮೇಲೆ ಹೊತ್ತ ಅವರಿಗೆ ರಾಜಧಾನಿಯೇ ಕೈಮುಗಿಯುತ್ತದೆ. ಕೇರಳದ ಕೊಲ್ಲಂ ಜಿಲ್ಲೆಯ ಚವರದ ಕೊಟ್ಟನ್‌ಕುಳಂಗರ ದೇವಿಯ ಸನ್ನಿಧಿಯಲ್ಲಿ ಪ್ರತಿ ಮಾರ್ಚ್‌ನಲ್ಲಿ ನಡೆಯುವ ಚಮಯವಿಳಕ್ಕು ಉತ್ಸವದಲ್ಲಂತೂ ಸಾವಿರಾರು ಗಂಡಸರು ಹೆಣ್ಣಿನಂತೆ ಸಿಂಗರಿಸಿಕೊಂಡು ದೀಪ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹರಕೆ ಹೊತ್ತ ಭಕ್ತರ ನಡುವೆ ಟ್ರಾನ್ಸ್ ಮಹಿಳೆಯರೂ ಕ್ರಾಸ್‌ಡ್ರೆಸರ್‌ಗಳೂ ಇರುತ್ತಾರೆ. ಆ ಎರಡು ರಾತ್ರಿ ಯಾರು ಯಾರೆಂದು ಯಾರೂ ಕೇಳುವುದಿಲ್ಲ.

ಆದರೆ ಇವುಗಳಿಂದ ಕ್ರಾಸ್‌ಡ್ರೆಸರ್‌ಗೆ ಸಿಗುವ ಸಮಾಧಾನ ಅಲ್ಪ. ಈ ವಿಷಯ ಬಂದಾಗಲೆಲ್ಲ ಬೃಹನ್ನಳೆಯನ್ನೂ ಮೋಹಿನಿಯನ್ನೂ ನೆನಪಿಸಿ, ನಮ್ಮ ಸಂಸ್ಕೃತಿ ಎಷ್ಟು ಉದಾರ ಎನ್ನುವವರಿದ್ದಾರೆ. ಬೃಹನ್ನಳೆಯದು ಅಜ್ಞಾತವಾಸದ ಅನಿವಾರ್ಯ, ಮೋಹಿನಿಯದು ದೇವಕಾರ್ಯ. ಯಕ್ಷಗಾನದ್ದು ಕಲೆ, ಕರಗದ್ದು ವ್ರತ. ಎಲ್ಲ ಕಡೆಯೂ ಸೀರೆಗೊಂದು ಕಾರಣ ಬೇಕು. ಸ್ತ್ರೀವೇಷದ ಕಲಾವಿದರೂ ಚೌಕಿಯಲ್ಲಿ ಬಣ್ಣ ಕಳೆದ ಮೇಲೆ ತಾನು ಗಂಡಸೇ ಎಂದು ಸಾಬೀತುಪಡಿಸುತ್ತಲೇ ಇರಬೇಕಾಗುತ್ತದೆ. ‘ನನಗೆ ಇಷ್ಟ, ಅದಕ್ಕೇ ಉಟ್ಟೆ’ ಎಂಬ ಒಂದೇ ಕಾರಣವನ್ನು ನಮ್ಮ ಸಮಾಜ ಗಂಡಸಿನ ಬಾಯಿಂದ ಒಪ್ಪಿದ ಉದಾಹರಣೆ ವಿರಳ. ಪ್ಯಾಂಟು ತೊಟ್ಟ ಹೆಣ್ಣುಮಗಳನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ, ಅದೂ ಪುಕ್ಕಟೆಯಾಗಿ ಬಂದ ಸ್ವಾತಂತ್ರ್ಯವಲ್ಲ. ಪ್ಯಾರಿಸ್‌ನಲ್ಲಿ ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಪರವಾನಗಿ ಪಡೆಯಬೇಕೆಂದು 1800ರಲ್ಲಿ ಹೊರಡಿಸಿದ್ದ ಆದೇಶ ಅಧಿಕೃತವಾಗಿ ರದ್ದಾದದ್ದು 2013ರಲ್ಲಿ!

ಬೀರುವಿನ ಬೀಗ

ಈ ಬದುಕಿನ ಕಷ್ಟವನ್ನು ಅರಿಯಲು ರವಿಕೆಯೊಂದನ್ನು ನೆನೆದರೆ ಸಾಕು. ಸೀರೆಗೆ ಅಳತೆಯಿಲ್ಲ. ತಂಗಿಗೆಂದೋ ಹೆಂಡತಿಗೆಂದೋ ಹೇಳಿ ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು, ಮನೆಯ ಬೀರುವಿನಲ್ಲಿ ಇತರ ಸೀರೆಗಳ ನಡುವೆ ಇಡಲೂಬಹುದು. ರವಿಕೆ ಹಾಗಲ್ಲ. ಅದನ್ನು ದರ್ಜಿ ಮೈಯಳತೆ ತೆಗೆದು ಹೊಲಿಯಬೇಕು. ಗಂಡಸೊಬ್ಬ ಲೇಡೀಸ್ ಟೈಲರ್ ಅಂಗಡಿಯ ಮೆಟ್ಟಿಲೇರಿ ‘ನನಗೇ’ ಎನ್ನುವುದು ಹೇಗೆ? ಸಣ್ಣ ಊರುಗಳಲ್ಲಂತೂ ಆ ಮಾತು ಸಂಜೆಯೊಳಗೆ ಮನೆ ತಲುಪಿರುತ್ತದೆ. ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಈ ಕಷ್ಟ ಸ್ವಲ್ಪ ತಗ್ಗಿದೆ. ಆದರೂ ಪೊಟ್ಟಣ ಮನೆಗೆ ಬಂದಾಗ ಬಾಗಿಲು ತೆರೆಯುವವರು ಯಾರು ಎಂಬ ಆತಂಕ ತಪ್ಪಿಲ್ಲ.

ಕೊಂಡದ್ದನ್ನು ಬಚ್ಚಿಡುವುದು, ಬಚ್ಚಿಟ್ಟದ್ದು ಸಿಕ್ಕಿಬೀಳುವ ಭಯ, ಆ ಭಯ ಉಕ್ಕಿ ಒಂದು ದಿನ ಎಲ್ಲವನ್ನೂ ಸುಟ್ಟೋ ಎಸೆದೋ ‘ಇನ್ನು ಮುಗಿಯಿತು’ ಎಂದು ಆಣೆ ಹಾಕಿಕೊಳ್ಳುವುದು, ಕೆಲವು ತಿಂಗಳಲ್ಲಿ ಮತ್ತೆ ಕೊಳ್ಳುವುದು. ದೇಶ ಯಾವುದೇ ಇರಲಿ, ಕ್ರಾಸ್‌ಡ್ರೆಸರ್‌ಗಳ ಅನುಭವ ಕಥನಗಳಲ್ಲಿ ಈ ಚಕ್ರ ತಪ್ಪದೆ ಬರುತ್ತದೆ. ಮದುವೆಯಾದರೆ ಸರಿಹೋಗುತ್ತದೆ ಎಂದು ನಂಬಿ ಮದುವೆಯಾದವರೂ ಇದ್ದಾರೆ, ಸರಿಹೋಗುವುದಿಲ್ಲ. ಮುಂದೊಂದು ದಿನ ಬೀರುವಿನ ಬೀಗ ತೆರೆದಾಗ ಹೆಂಡತಿಯ ಮನಸ್ಸಿನಲ್ಲಿ ಮೊದಲು ಮೂಡುವ ಶಂಕೆ ಗಂಡನಿಗೆ ಬೇರೊಬ್ಬಳಿದ್ದಾಳೆ ಎಂಬುದು. ನಿಜ ತಿಳಿದ ಮೇಲೆ ಮೂಡುವ ಎರಡನೆಯ ಶಂಕೆ, ಗಂಡ ಸಲಿಂಗಿಯೇ ಎಂಬುದು. ಎರಡೂ ಅಲ್ಲವೆಂದು ವಿವರಿಸಲು ಆತನ ಬಳಿ ಪದಗಳಿರುವುದಿಲ್ಲ. ಮೋಸ ಹೋದೆನೆಂಬ ಆಕೆಯ ನೋವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಮುಚ್ಚಿಟ್ಟದ್ದು ಬಟ್ಟೆಯೇ ಆಗಿದ್ದರೂ ಮುಚ್ಚಿಟ್ಟದ್ದಂತೂ ಸತ್ಯ.

ಕಾನೂನು ನೋಡಿದ್ದು ಬಟ್ಟೆಯನ್ನು

ಮನಸ್ಸಿನೊಳಗಿನ ಲಿಂಗತ್ವವನ್ನು ಅಳೆಯುವ ತಾಳ್ಮೆ ಕಾನೂನಿಗೆ ಎಂದೂ ಇರಲಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್‌ನ ಎರಡನೆಯ ಭಾಗ ‘ನಪುಂಸಕ’ರೆಂದು ತಾನು ಕರೆದವರ ಪಟ್ಟಿ ಮಾಡಲು ಹೇಳಿತ್ತು. ಆ ಪಟ್ಟಿಯಲ್ಲಿದ್ದವರು ಹೆಣ್ಣಿನ ಉಡುಪು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಬಂಧಿಸಿ ಎರಡು ವರ್ಷದವರೆಗೆ ಸೆರೆಗೆ ತಳ್ಳಬಹುದಾಗಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನವೂ 1919ರಲ್ಲಿ ಅದೇ ಅಚ್ಚಿನ ಕಾಯ್ದೆಯೊಂದನ್ನು ಮಾಡಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆ ಆಗ ಅದೇ ಸಂಸ್ಥಾನದ ಭಾಗವಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಸಂಸ್ಥಾನ ಹೋಯಿತು, ಭಾಷಾವಾರು ರಾಜ್ಯಗಳು ಬಂದವು, ಆಂಧ್ರಪ್ರದೇಶ ಒಡೆಯಿತು. ಕಾಯ್ದೆ ಮಾತ್ರ ತೆಲಂಗಾಣದ ಕಾನೂನು ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅಲ್ಲಿನ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿದ್ದು 2023ರ ಜುಲೈನಲ್ಲಿ. ಕರ್ನಾಟಕವೂ ಹಿಂದುಳಿದಿರಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಅದೇ ‘ನಪುಂಸಕ’ರ ಮೇಲೆ ನಿಗಾ ಇಡಲು ರಿಜಿಸ್ಟರ್ ತೆರೆಯುವ ಅಧಿಕಾರ ನೀಡಲಾಗಿತ್ತು. ಸಮುದಾಯದವರ ಹೋರಾಟದ ನಂತರ ಆ ಪದವನ್ನು ಕಲಮಿನಿಂದ ಕಿತ್ತುಹಾಕಲಾಯಿತು.

ಅಮೆರಿಕದ ಅನೇಕ ನಗರಗಳಲ್ಲೂ ಇಂಥ ನಿಯಮಗಳಿದ್ದವು. ಸ್ಯಾನ್ ಫ್ರಾನ್ಸಿಸ್ಕೊ 1863ರಲ್ಲಿ ತಂದ ನಿಷೇಧ 1974ರವರೆಗೆ ಜಾರಿಯಲ್ಲಿತ್ತು. 1969ರ ಜೂನ್ 28ರಂದು ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಬಾರ್‌ನ ಮೇಲೆ ಪೊಲೀಸರು ನುಗ್ಗಿದಾಗ ಎದ್ದ ಪ್ರತಿರೋಧವೇ ಆಧುನಿಕ ಹೋರಾಟದ ಆರಂಭವೆಂದು ಪ್ರಸಿದ್ಧ. ಅಂಥ ದಾಳಿಗಳಲ್ಲಿ ಹೆಣ್ಣುಡುಗೆಯಲ್ಲಿರುವ ಗಂಡಸರನ್ನು ಪ್ರತ್ಯೇಕಿಸಿ ಹಿಡಿಯುವುದು ಪೊಲೀಸರ ರೂಢಿ. ಅಂದರೆ ಲಾಠಿಯೇಟಿಗೆ ಮೊದಲು ಸಿಗುತ್ತಿದ್ದುದು ಬಟ್ಟೆ. ಮರುವರ್ಷ ಸಿಲ್ವಿಯಾ ರಿವೆರಾ, ಮಾರ್ಷಾ ಪಿ. ಜಾನ್ಸನ್ ಕಟ್ಟಿದ ಸಂಘಟನೆಯ ಹೆಸರು ‘ಸ್ಟ್ರೀಟ್ ಟ್ರಾನ್ಸ್‌ವೆಸ್ಟೈಟ್ ಆ್ಯಕ್ಷನ್ ರೆವಲ್ಯೂಷನರೀಸ್’. ಟ್ರಾನ್ಸ್‌ವೆಸ್ಟೈಟ್ ಎಂದರೆ ಆ ಕಾಲದ ಭಾಷೆಯಲ್ಲಿ ಎದುರು ಲಿಂಗದ ಉಡುಪು ತೊಡುವವರು. ಆದರೆ 1973ರ ಮೆರವಣಿಗೆಯ ಸಭೆಯಲ್ಲಿ ಅದೇ ಸಿಲ್ವಿಯಾ ವೇದಿಕೆ ಏರಿದಾಗ ನೆರೆದ ಸಲಿಂಗಿಗಳೇ ಕೂಗಿ ಗೇಲಿ ಮಾಡಿದರು. ಹೆಣ್ಣುಡುಗೆ ತೊಟ್ಟ ಗಂಡಸರು ಹೆಣ್ಣನ್ನು ಅಣಕಿಸುತ್ತಾರೆ ಎಂಬುದು ಅಂದು ಕೆಲವು ಸ್ತ್ರೀವಾದಿಗಳ ಆಕ್ಷೇಪ. ನಮ್ಮ ಟಿವಿ ಹಾಸ್ಯ ಕಾರ್ಯಕ್ರಮಗಳಲ್ಲಿ ಸೀರೆಯುಟ್ಟ ಗಂಡಸನ್ನು ಬಳಸುವ ರೀತಿ ನೋಡಿದವರಿಗೆ ಆ ಆಕ್ಷೇಪ ತೀರಾ ನಿರಾಧಾರ ಎನಿಸಲಾರದು. ಬಾಗಿಲು ಹಾಕಿಕೊಂಡು ಒಬ್ಬನೇ ನಿಲ್ಲುವವನು ಮಾತ್ರ ಯಾರನ್ನೂ ಅಣಕಿಸುತ್ತಿಲ್ಲ.

ಹೊರಗಿಡುವ ಕೆಲಸವನ್ನು ಕ್ರಾಸ್‌ಡ್ರೆಸರ್‌ಗಳೂ ಮಾಡಿದ್ದಾರೆ, ಬಹುಶಃ ಇನ್ನೂ ಚೆನ್ನಾಗಿಯೇ. ಬರ್ಲಿನ್‌ನ ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರಿಗೆ ಟ್ರಾನ್ಸ್‌ವೆಸ್ಟೈಟ್ ಎಂಬ ಹೆಸರಿಟ್ಟು, ಇವರಲ್ಲಿ ಬಹುತೇಕರು ಸಲಿಂಗಿಗಳಲ್ಲ ಎಂದು ತೋರಿಸಿಕೊಟ್ಟಿದ್ದರು. ಅರ್ಧ ಶತಮಾನದ ಬಳಿಕ ಲಾಸ್ ಏಂಜಲೀಸ್‌ನ ವರ್ಜೀನಿಯಾ ಪ್ರಿನ್ಸ್ ಆ ಮಾತನ್ನೇ ಗೋಡೆಯಾಗಿ ಎಬ್ಬಿಸಿದರು. 1960ರಲ್ಲಿ ‘ಟ್ರಾನ್ಸ್‌ವೆಸ್ಟಿಯಾ’ ಎಂಬ ಪತ್ರಿಕೆ ಆರಂಭಿಸಿದ ಅವರು ಓದುಗರನ್ನು ಗುಟ್ಟಾಗಿ ಒಂದೆಡೆ ಸೇರಿಸಿದರು. ಬಂದವರೆಲ್ಲ ಚೀಲದಲ್ಲಿ ಹೆಂಗಸರ ಕಾಲುಚೀಲ, ಎತ್ತರದ ಹಿಮ್ಮಡಿಯ ಚಪ್ಪಲಿ ತರಬೇಕು, ಎಲ್ಲರೂ ಒಂದೇ ಗಳಿಗೆಯಲ್ಲಿ ತೊಡಬೇಕು ಎಂಬುದು ಆ ಸಭೆಯ ಷರತ್ತು. ತೊಟ್ಟ ಮೇಲೆ ಯಾರೂ ಯಾರ ಮೇಲೂ ದೂರು ಕೊಡಲಾಗದಲ್ಲವೇ! ಹಾಗೆ ಹುಟ್ಟಿದ ಸಂಘಟನೆ ಮುಂದೆ ಸಲಿಂಗಿಗಳಿಗೂ, ಲಿಂಗ ಬದಲಾವಣೆ ಬಯಸುವವರಿಗೂ ಸದಸ್ಯತ್ವ ನಿರಾಕರಿಸಿತು. ನಾವು ಸಭ್ಯ ಸಂಸಾರಸ್ಥರು, ಅವರಂಥವರಲ್ಲ ಎಂಬುದು ಅದರ ನಿಲುವು. ಪ್ರಿನ್ಸ್ ಸ್ವತಃ 1968ರ ನಂತರ ಪೂರ್ಣಾವಧಿ ಹೆಣ್ಣಾಗಿಯೇ ಬಾಳಿದರು ಎಂಬುದು ಈ ಕಥೆಯ ಇನ್ನೊಂದು ಮಗ್ಗುಲು. ಇಂದು ಎಲ್‌ಜಿಬಿಟಿ ವಲಯದಲ್ಲಿ ಕ್ರಾಸ್‌ಡ್ರೆಸರ್‌ಗಳ ಬಗ್ಗೆ ಇರುವ ಅನುಮಾನಕ್ಕೆ ಈ ಹಳೆಯ ಅಹಂಕಾರವೂ ಒಂದು ಕಾರಣ.

ನಮ್ಮಲ್ಲಿನ ಒಳಜಗಳ

ನಮ್ಮಲ್ಲಿ ಚಿತ್ರ ಬೇರೆ. ಇಲ್ಲಿ ಹೆಣ್ಣುಡುಗೆಗೆ ಮೊದಲಿನಿಂದಲೂ ಸಮುದಾಯಗಳಿವೆ, ಅವುಗಳಿಗೆ ತಮ್ಮವೇ ನಿಯಮಗಳಿವೆ. ಹಿಜ್ರಾ ಪರಂಪರೆಯಲ್ಲಿ ಗುರುವಿದ್ದಾರೆ, ಚೇಲಾಗಳಿದ್ದಾರೆ, ಮನೆತನಗಳಿವೆ. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳಿಗೆ ಸೀರೆ ದೇವಿಯ ಅಪ್ಪಣೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಆ ಸೀರೆಗೆ ಸಾರ್ವಜನಿಕ ಗೌರವವೂ ದೊರಕಿತು. ಇವರ ಜತೆಗೆ ಕೋಥಿಗಳಿದ್ದಾರೆ (ಥಕಾರ ತಪ್ಪಿದರೆ ಅದು ಬೈಗುಳವಾಗುತ್ತದೆ, ಪತ್ರಿಕೆಗಳಲ್ಲೂ ಈ ತಪ್ಪು ಅಚ್ಚಾಗುವುದುಂಟು). ಹೆಣ್ಣು ಸ್ವಭಾವದ, ಗಂಡಸರನ್ನು ಬಯಸುವ ಇವರಲ್ಲಿ ಸದಾ ಸೀರೆಯಲ್ಲಿರುವವರೂ ಉಂಟು, ಪ್ಯಾಂಟು ತೊಟ್ಟು ಮನೆಯಲ್ಲಿ ಮಗನಾಗಿ, ಗಂಡನಾಗಿ ಇದ್ದುಕೊಂಡು ಸಂಜೆ ಮಾತ್ರ ಹೆಣ್ಣಾಗುವವರೂ ಉಂಟು. ಬೆಂಗಳೂರಿನ ಕೋಥಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪಿಯುಸಿಎಲ್ ಕರ್ನಾಟಕ ಘಟಕ 2003ರಲ್ಲೇ ವರದಿಯಾಗಿ ಹೊರತಂದಿತ್ತು.

ಈ ಶ್ರೇಣಿಯಲ್ಲಿ ಕ್ರಾಸ್‌ಡ್ರೆಸರ್‌ಗೆ ಗುರುವಿಲ್ಲ, ದೇವಿಯಿಲ್ಲ, ಜಮಾತಿಲ್ಲ. ಹಿಜ್ರಾ ಸಮುದಾಯದಲ್ಲಿ ‘ಅಸಲಿ’, ‘ನಕಲಿ’ ಎಂಬ ಮಾತು ಹಳೆಯದು. ಸೀರೆ ಕಳಚಿ ಮನೆಗೆ ಹೋಗುವವನು ಸಹಜವಾಗಿಯೇ ನಕಲಿಯ ಸಾಲಿಗೆ ಬೀಳುತ್ತಾನೆ. ಇದನ್ನು ಬರಿಯ ಸಂಕುಚಿತತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಟ್ರಾನ್ಸ್ ಮಹಿಳೆಯೊಬ್ಬರು ಮನೆ, ಓದು, ಆಸ್ತಿ, ಉದ್ಯೋಗ ಎಲ್ಲವನ್ನೂ ಕಳೆದುಕೊಂಡು ಇಪ್ಪತ್ತನಾಲ್ಕು ಗಂಟೆಯೂ ಹೆಣ್ಣಾಗಿ ಬಾಳುತ್ತಾರೆ. ಬಾಡಿಗೆಗೆ ಮನೆ ಕೇಳಿದರೂ ಬಾಗಿಲು ಮುಚ್ಚುತ್ತದೆ. ಕ್ರಾಸ್‌ಡ್ರೆಸರ್ ಗಂಡಸಿನ ಸಂಬಳ, ಗಂಡಸಿನ ಮರ್ಯಾದೆ ಎರಡನ್ನೂ ಉಳಿಸಿಕೊಂಡು ಭಾನುವಾರ ಮಧ್ಯಾಹ್ನ ಎರಡು ತಾಸು ಸೀರೆಯುಟ್ಟು, ನಾನೂ ನಿಮ್ಮವನೇ ಎಂದರೆ ಅವರಿಗೆ ಕಹಿ ಎನಿಸದೆ ಇರದು. ಇನ್ನೊಂದು ಕಾರಣ ಮತ್ತಷ್ಟು ಆಳದ್ದು. ‘ನಾವು ಹೆಣ್ಣುವೇಷ ತೊಟ್ಟ ಗಂಡಸರಲ್ಲ, ನಾವು ಹೆಣ್ಣುಗಳೇ’ ಎಂದು ಜಗತ್ತಿಗೆ ಹೇಳುತ್ತಲೇ ಟ್ರಾನ್ಸ್ ಮಹಿಳೆಯರ ಹೋರಾಟ ಇಷ್ಟು ದೂರ ಬಂದಿದೆ. ಹೆಣ್ಣುಡುಗೆ ತೊಟ್ಟ ಗಂಡಸು ಎಂದು ತನ್ನನ್ನು ತಾನೇ ಕರೆದುಕೊಳ್ಳುವವನು ಪಕ್ಕದಲ್ಲಿ ಬಂದು ನಿಂತರೆ ಆ ವಾದಕ್ಕೆ ಇರಿಸುಮುರಿಸು.

ಹೀಗಿದ್ದರೂ ಬೀದಿಯಲ್ಲಿ ಈ ಭೇದ ನಡೆಯುವುದಿಲ್ಲ. 2018ರ ಮೇ ತಿಂಗಳಲ್ಲಿ ಹೈದರಾಬಾದ್‌ನ ಚಂದ್ರಾಯನಗುಟ್ಟದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಟ್ರಾನ್ಸ್ ಮಹಿಳೆಯೊಬ್ಬರನ್ನು ಹೊಡೆದು ಕೊಂದಿತು. ಅಂಥ ಗುಂಪು ಎದುರಿಗಿರುವವರು ಅಸಲಿಯೋ ನಕಲಿಯೋ, ಪೂರ್ಣಾವಧಿಯೋ ಭಾನುವಾರದ್ದೋ ಎಂದು ವಿಚಾರಿಸುವುದಿಲ್ಲ. 2021ರ ಜನವರಿಯಲ್ಲಿ ತ್ರಿಪುರಾದ ಅಗರ್ತಲಾದಲ್ಲಿ ಪಾರ್ಟಿಯಿಂದ ಹಿಂದಿರುಗುತ್ತಿದ್ದ ನಾಲ್ವರನ್ನು ಪೊಲೀಸರು ಠಾಣೆಗೆ ಕರೆದೊಯ್ದರು. ಯಾವ ಲಿಂಗದವರೆಂದು ‘ಪರೀಕ್ಷಿಸಲು’ ಬಟ್ಟೆ ಬಿಚ್ಚಿಸಿದರೆಂದು ಆ ನಾಲ್ವರು ದೂರಿದರು. ಇನ್ನು ಮುಂದೆ ನಗರದಲ್ಲಿ ಎದುರು ಲಿಂಗದ ಉಡುಪು ತೊಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡ ಮೇಲೆಯೇ ಬಿಟ್ಟರೆಂಬುದೂ ಆ ದೂರಿನಲ್ಲಿತ್ತು. ಅಪರಾಧ ಯಾವುದು, ಯಾವ ಕಲಮಿನಡಿ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ತೀರ್ಪಿನಲ್ಲಿ ಇದ್ದ ಹೆಸರು

ಉತ್ತರ ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಸುಪ್ರೀಂ ಕೋರ್ಟ್ ಅದಕ್ಕೆ ಏಳು ವರ್ಷ ಮೊದಲೇ ಈ ವಿಷಯದಲ್ಲಿ ಮಾತಾಡಿತ್ತು. ನಾಲ್ಸಾ ಪ್ರಕರಣದಲ್ಲಿ 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ನೀಡಿದ ತೀರ್ಪು ತೃತೀಯ ಲಿಂಗಿಗಳಿಗೆ ಮಾನ್ಯತೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಟ್ರಾನ್ಸ್‌ಜೆಂಡರ್ ಎಂಬ ಕೊಡೆಯಂಥ ಪದದ ಅರ್ಥ ವಿವರಿಸುವಾಗ ಆ ತೀರ್ಪು ಎದುರು ಲಿಂಗದ ಉಡುಪು ತೊಡಲು ಇಷ್ಟಪಡುವವರನ್ನೂ ಹೆಸರಿಸಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತನ್ನ ಲಿಂಗತ್ವವನ್ನು ಉಡುಗೆ, ಮಾತು, ನಡೆಯ ಮೂಲಕ ತೋರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಸಂವಿಧಾನವೇ ಹೇಳಿರುವ ಮಿತಿಗಳ ಹೊರತು ಉಡುಪಿನ ಆಯ್ಕೆಗೆ ನಿರ್ಬಂಧ ಸಲ್ಲದು ಎಂದೂ ಅದು ಹೇಳಿತು. 2018ರ ಸೆಪ್ಟೆಂಬರ್ 6ರಂದು 377ನೆಯ ಕಲಮಿನ ತೀರ್ಪು ಬಂದಾಗ ದೇಶ ಸಂಭ್ರಮಿಸಿತು. ಉಡುಗೆಯ ಮಟ್ಟಿಗೆ ನಿರ್ಣಾಯಕ ಮಾತು ಅದಕ್ಕಿಂತ ಮೊದಲಿನದು.

2019ರಲ್ಲಿ ಸಂಸತ್ತು ಒಪ್ಪಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರಾನ್ಸ್ ಪುರುಷ, ಟ್ರಾನ್ಸ್ ಮಹಿಳೆ, ಅಂತರಲಿಂಗಿ, ಜೆಂಡರ್‌ಕ್ವಿಯರ್, ಕಿನ್ನರ, ಹಿಜ್ರಾ, ಅರವಾಣಿ, ಜೋಗತ ಎಂಬ ಹೆಸರುಗಳಿದ್ದವು. ಕ್ರಾಸ್‌ಡ್ರೆಸರ್ ಇರಲಿಲ್ಲ. ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಅದರಡಿ ಬಂತು. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ನೀಡಿ ದೇಶಕ್ಕೆ ಮಾದರಿಯಾಯಿತು. ಇಂಥ ಸವಲತ್ತುಗಳಿಗೆ ಗಡಿ ಗೆರೆ ಬೇಕೇ ಬೇಕು, ಬೀರುವಿನಲ್ಲಿ ಸೀರೆಯಿದೆ ಎಂಬ ಕಾರಣಕ್ಕೆ ಮೀಸಲಾತಿ ಕೇಳುವುದು ಸರಿಯಲ್ಲ. ಕ್ರಾಸ್‌ಡ್ರೆಸರ್‌ಗೆ ಬೇಕಾದುದೂ ಅದಲ್ಲ. ಠಾಣೆಯಲ್ಲಿ ಬಟ್ಟೆ ಬಿಚ್ಚಿಸದಿರುವುದು, ಗುಟ್ಟು ಹಿಡಿದು ಹಣ ಕೀಳುವವನ ಮೇಲೆ ಅಂಜದೆ ದೂರು ಕೊಡಲು ಸಾಧ್ಯವಾಗುವುದು, ವಿಷಯ ಹೊರಬಿದ್ದ ಮರುದಿನವೂ ಕೆಲಸ ಉಳಿಯುವುದು ಇವಕ್ಕೆ ಪ್ರಮಾಣಪತ್ರದ ಅಗತ್ಯವಿಲ್ಲ.

ಕೊನೆಯದಾಗಿ ವೈದ್ಯರ ಮಾತು. ಮನೆಯವರಿಗೆ ವಿಷಯ ತಿಳಿದಾಗ ಮೊದಲು ಹೊಳೆಯುವುದು ಮನೋವೈದ್ಯರ ವಿಳಾಸ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಉಡುಪಿಗೆ ಸಂಬಂಧಿಸಿದ ಎರಡು ಪ್ರತ್ಯೇಕ ‘ಕಾಯಿಲೆ’ಗಳಿದ್ದವು. 2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿ ಎರಡನ್ನೂ ಕೈಬಿಟ್ಟಿತು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯೂ ತೀವ್ರ ಯಾತನೆ ಅಥವಾ ಬದುಕಿಗೆ ಅಡ್ಡಿ ಇದ್ದಾಗ ಮಾತ್ರ ಅದನ್ನು ತೊಂದರೆಯೆಂದು ಪರಿಗಣಿಸಿತು. ಲೈಂಗಿಕತೆ, ಲಿಂಗತ್ವವನ್ನು ‘ಸರಿಪಡಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆದ್ದರಿಂದ ಗಂಡನನ್ನು ಕರೆದುಕೊಂಡು ಬಂದ ಹೆಂಡತಿಗೆ ಬಲ್ಲ ವೈದ್ಯರು ಮಾತ್ರೆ ಬರೆದುಕೊಡುವುದಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ: ಮಕ್ಕಳಿಗೆ ತಿಳಿಸಬೇಕೆ, ಯಾವ ದಿನ, ಯಾವ ಕೋಣೆ, ಎಷ್ಟು ಹೊತ್ತು, ಆಕೆಗೆ ಯಾವುದು ಸಹ್ಯ, ಯಾವುದು ಅಸಹ್ಯ. ಕೆಲವು ದಾಂಪತ್ಯಗಳು ಅಲ್ಲಿಂದ ಮುಂದುವರಿಯುತ್ತವೆ, ಕೆಲವು ಅಲ್ಲಿಗೆ ಮುಗಿಯುತ್ತವೆ.